ಸಂಘವೂ ಸದಸ್ಯನೂ: 1974ರ ರೈಲ್ವೆ ಮುಷ್ಕರದ ಪಾಠ



ಭೈರುಂಬೆಯ ಅಡಕೆ ತೋಟಗಳ ನೆರಳಿನಲ್ಲಿ ಬೆಳೆದವರಿಗೆ ರೈಲಿನ ಕೂಗು ಪರಿಚಿತವಲ್ಲ. ಶಿರಸಿ ಸೀಮೆಗೆ ಇಂದಿಗೂ ರೈಲು ಬಂದಿಲ್ಲ. ರೈಲು ಹತ್ತಬೇಕಾದರೆ ನಾವು ಹುಬ್ಬಳ್ಳಿಗೋ ಹಾವೇರಿಗೋ ತಾಳಗುಪ್ಪಕ್ಕೋ ಹೋಗಬೇಕು. ಆದರೆ ‘ಸಂಘ’ವೆಂಬ ಮಾತು ನಮಗೆ ಹೊಸದಲ್ಲ. 1923ರಷ್ಟು ಹಿಂದೆಯೇ ಶಿರಸಿಯ ತೋಟಿಗರು ತಮ್ಮದೇ ಮಾರಾಟ ಸಹಕಾರ ಸಂಘವನ್ನು ಕಟ್ಟಿಕೊಂಡರು. ಒಬ್ಬೊಬ್ಬರಾಗಿ ನಿಂತಾಗ ದೊರೆಯದ ನ್ಯಾಯವು ಒಟ್ಟಾಗಿ ನಿಂತಾಗ ದೊರೆತೀತೆಂಬುದೇ ಅದರ ಮೂಲದಲ್ಲಿದ್ದ ನಂಬಿಕೆ. ದುಡಿಯುವವರ ಸಂಘಕ್ಕೂ ತಳಹದಿ ಅದೇ. ಆ ನಂಬಿಕೆ ಸಡಿಲಗೊಂಡಾಗ ಅದರ ಬೆಲೆಯನ್ನು ತೆರುವವರು ಯಾರು? ಈ ಪ್ರಶ್ನೆಗೆ 1974ರ ರೈಲ್ವೆ ಮುಷ್ಕರದ ಇತಿಹಾಸವು ಉತ್ತರ ಹೇಳುತ್ತದೆ.

ಆಗ ಭಾರತೀಯ ರೈಲ್ವೆಯಲ್ಲಿ ಸುಮಾರು 17 ಲಕ್ಷ ಮಂದಿ ದುಡಿಯುತ್ತಿದ್ದರು. ಸರಕಾರದ ಮನ್ನಣೆ ಪಡೆದ ಎರಡು ಮಹಾಮಂಡಲಗಳಿದ್ದವು: ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಷನ್ ಒಂದು, ನ್ಯಾಷನಲ್ ಫೆಡರೇಷನ್ ಆಫ್ ಇಂಡಿಯನ್ ರೈಲ್ವೆಮೆನ್ ಮತ್ತೊಂದು. ಹೀಗಿದ್ದರೂ ಇಂಜಿನ್ನಿನ ಬೆಂಕಿಯ ಮುಂದೆ ಹಗಲಿರುಳೆನ್ನದೆ ದುಡಿಯುತ್ತಿದ್ದ ಚಾಲಕರ ಮತ್ತು ಫೈರ್‌ಮನ್‌ಗಳ ಗೋಳನ್ನು ಕೇಳುವವರಿರಲಿಲ್ಲ. ಅವರ ದುಡಿಮೆಗೆ ಗಂಟೆಗಳ ಮಿತಿಯೇ ಇಲ್ಲದಂತಾಗಿತ್ತು. ದೊಡ್ಡ ಸಂಘಗಳಲ್ಲಿ ಭರವಸೆ ಕಳೆದುಕೊಂಡ ಅವರು ತಮ್ಮದೇ ಪ್ರತ್ಯೇಕ ಸಂಘವನ್ನು ಕಟ್ಟಿಕೊಂಡರು. 1973ರ ಆಗಸ್ಟಿನಲ್ಲಿ ಕೆಲಸ ನಿಲ್ಲಿಸಿ, 10 ಗಂಟೆಗಳ ದುಡಿಮೆಯ ಒಪ್ಪಂದವನ್ನು ಸರಕಾರದಿಂದ ಪಡೆದರು. ಮನ್ನಣೆಯುಳ್ಳ ಸಂಘಗಳು ಮಾಡದಿದ್ದುದನ್ನು ಮನ್ನಣೆಯಿಲ್ಲದ ಸಂಘವೊಂದು ಮಾಡಿತು. ಅದೇ ವರ್ಷದ ಕೊನೆಗೆ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ಮೊದಲನೆಯ ಮಹಾಮಂಡಲದ ಅಧ್ಯಕ್ಷರಾದರು. ಹಲವು ಸಂಘಗಳನ್ನು ಒಂದುಗೂಡಿಸಿ ಹೋರಾಟ ಸಮಿತಿಯೊಂದು ರೂಪುಗೊಂಡಿತು. ಬೋನಸ್ಸು, ಎಂಟು ಗಂಟೆಗಳ ದುಡಿಮೆ, ಸರಕಾರದ ಇತರ ಉದ್ದಿಮೆಗಳ ನೌಕರರಿಗೆ ಸಮನಾದ ವೇತನ, ಇವು ಅದರ ಮುಖ್ಯ ಬೇಡಿಕೆಗಳು. ಎರಡನೆಯ ಮಹಾಮಂಡಲ ಮಾತ್ರ ದೂರವೇ ಉಳಿಯಿತು.

ಸರಕಾರವು ಮುಷ್ಕರವನ್ನು ಕಾನೂನುಬಾಹಿರವೆಂದು ಸಾರಿತು. ಮೇ 2ರಂದೇ ಫರ್ನಾಂಡಿಸರ ಬಂಧನವಾಯಿತು. ಆದರೂ ಮೇ 8ರಂದು ಮುಷ್ಕರ ಆರಂಭವಾಯಿತು. ಸಾವಿರಾರು ಮಂದಿ ಸೆರೆಮನೆ ಸೇರಿದರು. ಕೆಲಸಕ್ಕೆ ಹಾಜರಾಗು, ಇಲ್ಲವೇ ನೌಕರಿ ಬಿಡು: ಇದು ಅಂದಿನ ಅಪ್ಪಣೆ. ಹಾಜರಾಗದವರಿಗೆ ವಜಾ ಆದೇಶ ಬಂದಿತು. 1968ರ ರೈಲ್ವೆ ಶಿಸ್ತು ನಿಯಮಾವಳಿಯ 14ನೆಯ ನಿಯಮದ ಎರಡನೆಯ ಖಂಡವು ವಿಚಾರಣೆಯಿಲ್ಲದೆಯೇ ನೌಕರನನ್ನು ತೆಗೆದುಹಾಕುವ ಅಧಿಕಾರವನ್ನು ಕೊಟ್ಟಿತ್ತು. ವಿಚಾರಣೆ ನಡೆಸುವುದು ಸಾಧ್ಯವಿಲ್ಲವೆಂದು ಅಧಿಕಾರಿ ಕಾರಣ ಬರೆದರೆ ಸಾಕಾಗಿತ್ತು. ತನ್ನ ತಪ್ಪೇನೆಂದು ಕೇಳುವ ಅವಕಾಶವೂ ಇಲ್ಲದೆ ಮನುಷ್ಯನು ಬೀದಿಗೆ ಬಿದ್ದನು. ನೌಕರಿಯೊಂದಿಗೆ ವಸತಿಯೂ ಹೋಯಿತು: ರೈಲ್ವೆ ವಸತಿಗೃಹಗಳಿಂದ ಹೆಂಡಿರು ಮಕ್ಕಳನ್ನು ಹೊರಗಟ್ಟಿದ ಪ್ರಸಂಗಗಳು ದೇಶದ ಹಲವೆಡೆ ನಡೆದವು. ಹುಬ್ಬಳ್ಳಿಯಂತಹ ರೈಲ್ವೆ ಊರುಗಳಲ್ಲಿ ನೌಕರಿಯೆಂದರೆ ಸಂಬಳ ಮಾತ್ರವಲ್ಲ. ಮನೆ, ಆಸ್ಪತ್ರೆ, ನೆರೆಹೊರೆ ಎಲ್ಲವೂ ಅದರೊಡನೆ ಹೆಣೆದುಕೊಂಡಿರುತ್ತವೆಂಬುದನ್ನು ವಾಚಕರು ನೆನೆಯಬೇಕು.

ಇಪ್ಪತ್ತು ದಿನಗಳ ತರುವಾಯ, ಮೇ 27ರಂದು, ಯಾವ ಬೇಡಿಕೆಯೂ ಈಡೇರದೆ ಮುಷ್ಕರವನ್ನು ಹಿಂತೆಗೆದುಕೊಳ್ಳಲಾಯಿತು. ವಜಾ ಆದವರನ್ನು ಮರಳಿ ತೆಗೆದುಕೊಳ್ಳುವ ವಚನವೂ ದೊರೆಯಲಿಲ್ಲ. ನಿರಾಶೆ ಹುಟ್ಟಿದ್ದು ಇಲ್ಲಿಯೇ. ಸರಕಾರದ ಕಾಠಿಣ್ಯವನ್ನು ದುಡಿಯುವವನು ಮೊದಲೇ ಬಲ್ಲನು. ಆದರೆ ತನ್ನನ್ನು ಕರೆದೊಯ್ದ ಸಂಘವು ಬರಿಗೈಯಲ್ಲಿ ಹಿಂತಿರುಗಿದಾಗ, ತನ್ನ ಪಾಲಿನ ಸೋಲನ್ನು ತಾನೊಬ್ಬನೇ ಹೊರಬೇಕಾಯಿತೆಂಬ ನೋವು ಬೇರೆಯ ಬಗೆಯದು. ಸೋದರ ಸಂಘವೇ ಹೊರಗೆ ನಿಂತು ನೋಡಿತೆಂಬುದು ಆ ನೋವನ್ನು ಇಮ್ಮಡಿಸಿತು.

ಆದರೂ ಇತಿಹಾಸವನ್ನು ಅರ್ಧದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. 1977ರಲ್ಲಿ ಸರಕಾರ ಬದಲಾಯಿತು. ರೈಲ್ವೆ ಸಚಿವರಾದ ಮಧು ದಂಡವತೆಯವರ ಕಾಲದಲ್ಲಿ ವಜಾ ಆದವರು ಕೆಲಸಕ್ಕೆ ಮರಳಿದರು. 1979ರಲ್ಲಿ ಬೋನಸ್ಸೂ ಬಂದಿತು. 1981ರ ಇಂಜಿನ್ ನೌಕರರ ಮುಷ್ಕರದಲ್ಲಿ ಅದೇ 14ನೆಯ ನಿಯಮ ಮತ್ತೆ ಎರಗಿತು. ವಿಚಾರಣೆಯಿಲ್ಲದ ವಜಾ ಅಧಿಕಾರವನ್ನು 1985ರಲ್ಲಿ ಸುಪ್ರೀಂ ಕೋರ್ಟು ತುಳಸೀರಾಮ ಪಟೇಲ್ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. 1981ರಲ್ಲಿ ವಜಾ ಆದವರು ಎದೆಗುಂದದೆ ವಾದಿಸಿ, 1993ರಲ್ಲಿ ಅದೇ ನ್ಯಾಯಾಲಯದಿಂದ ಮರುನೇಮಕದ ಆಜ್ಞೆಯನ್ನು ಪಡೆದರು. ಹನ್ನೆರಡು ವರ್ಷ! ಆ ವೇಳೆಗೆ ಎಷ್ಟೋ ಮಂದಿಯ ಪ್ರಾಯವೇ ಸವೆದಿತ್ತು.

ಬಂಧುಗಳೇ, ಇದನ್ನೆಲ್ಲ ಕಂಡು ಸಂಘಗಳೇ ಬೇಡವೆನ್ನುವುದು ಸುಲಭ. ಹಾಗೆನ್ನುವವನು ನಾಳೆ ಅಪ್ಪಣೆಯ ಮುಂದೆ ಒಂಟಿಯಾಗಿಯೇ ನಿಲ್ಲಬೇಕಾದೀತು. 1973ರ ಇಂಜಿನ್ ನೌಕರರು ಸಂಘವೆಂಬುದನ್ನೇ ತೊರೆಯಲಿಲ್ಲ. ತಮ್ಮ ಮಾತು ಕೇಳುವ ಸಂಘವನ್ನು ಕಟ್ಟಿದರು. ನಾಯಕನ ಹೆಸರಿನಿಂದಲೂ ಸದಸ್ಯರ ಸಂಖ್ಯೆಯಿಂದಲೂ ಸಂಘದ ಯೋಗ್ಯತೆ ಅಳೆಯಲ್ಪಡುವುದಿಲ್ಲ. ಸೋತ ದಿನ ಮನೆ ಕಳೆದುಕೊಂಡ ಸದಸ್ಯನ ಬಾಗಿಲಿಗೆ ಅದು ಹೋಯಿತೇ, ಅವನ ಒಲೆ ಉರಿಯುವಂತೆ ನೋಡಿಕೊಂಡಿತೇ ಎಂಬುದೇ ನಿಜವಾದ ಅಳತೆ. ನಮ್ಮ ಊರಿನ ಚಿಕ್ಕ ಸಂಘಗಳಿಗೂ ಈ ಅಳತೆ ತಪ್ಪಿದ್ದಲ್ಲ. ಕರೆ ಕೊಡುವ ಮೊದಲು, ಕರೆಗೆ ಓಗೊಟ್ಟವನ ಕಾಯಕ ಕೈತಪ್ಪಿದರೆ ಅವನ ಹೊರೆಯನ್ನು ಯಾರು ಹೊರಬೇಕೆಂಬುದನ್ನು ನಿಶ್ಚಯಿಸಿಕೊಂಡ ಸಂಘವೇ ಸಂಘವೆನಿಸಿಕೊಳ್ಳಲು ಅರ್ಹ.