ಡ್ಯುಯಲ್ ಆರ್‌ಎನ್‌ಎ ಸೀಕ್ವೆನ್ಸಿಂಗ್

ಸೋಂಕು ತಗುಲಿದ ಜೀವಕೋಶ ಮತ್ತು ಅದರೊಳಗೆ ಸೇರಿದ ಬ್ಯಾಕ್ಟೀರಿಯಾ, ಇವೆರಡರ ವಂಶವಾಹಿ ಅಭಿವ್ಯಕ್ತಿಯನ್ನೂ ಒಂದೇ ಮಾದರಿಯಿಂದ ಏಕಕಾಲಕ್ಕೆ ಅಳೆಯುವ ಪ್ರಯೋಗವಿಧಾನ. ಜೋಡಿ ಆರ್‌ಎನ್‌ಎ ಅನುಕ್ರಮ ವಿಶ್ಲೇಷಣೆ ಎಂದೂ ಹೇಳಬಹುದು.

ಹಿನ್ನೆಲೆ: ಜೀವಕೋಶದ ಎಲ್ಲ ವಂಶವಾಹಿಗಳೂ ಸದಾ ಕೆಲಸ ಮಾಡುತ್ತಿರುವುದಿಲ್ಲ. ಬೇಕಾದಾಗ ಬೇಕಾದ ವಂಶವಾಹಿ ಮಾತ್ರ ಆರ್‌ಎನ್‌ಎ ಆಗಿ ನಕಲುಗೊಳ್ಳುತ್ತದೆ. ಹಾಗಾಗಿ ಆರ್‌ಎನ್‌ಎಯನ್ನು ಓದಿದರೆ ಜೀವಕೋಶ ಆ ಹೊತ್ತಿಗೆ ಏನು ಮಾಡುತ್ತಿದೆ ಎಂಬ ಸುಳಿವು ಸಿಗುತ್ತದೆ. 1993ರಲ್ಲಿ ಮಹಾನ್, ಸ್ಲೌಚ್ ಮತ್ತು ಮೆಕಲನೋಸ್ ಅವರು ಇಲಿಯ ದೇಹ ಹೊಕ್ಕಾಗ ಚುರುಕಾಗುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ವಂಶವಾಹಿಗಳನ್ನು ಪತ್ತೆಹಚ್ಚುವ ತಂತ್ರವನ್ನು ಪ್ರಕಟಿಸಿದರು. ಮುಂದೆ ಸಾವಿರಾರು ವಂಶವಾಹಿಗಳ ಅಭಿವ್ಯಕ್ತಿಯನ್ನು ಒಟ್ಟಿಗೆ ಅಳೆಯುವ ಮೈಕ್ರೊಅರೇ ತಂತ್ರ ಬಂತು. ಇಲಿಯ ರಕ್ಷಣಾ ಕೋಶಗಳಾದ ಮ್ಯಾಕ್ರೊಫೇಜ್‌ಗಳನ್ನು ಹೊಕ್ಕ ಕ್ಷಯದ ಬ್ಯಾಕ್ಟೀರಿಯಾಗಳಲ್ಲಿ ಕೊಬ್ಬಿನಾಮ್ಲಗಳನ್ನು ಒಡೆಯುವ ವಂಶವಾಹಿಗಳು ಚುರುಕಾಗುತ್ತವೆ ಎಂಬುದನ್ನು 2003ರ ಅಧ್ಯಯನವೊಂದು ಈ ತಂತ್ರದಿಂದಲೇ ತೋರಿಸಿತು. ಆದರೆ ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಒಂದು ಪಕ್ಷದ ಚಿತ್ರ ಮಾತ್ರ ದೊರೆಯುತ್ತಿತ್ತು.

ವಿಧಾನ: ಎರಡನ್ನೂ ಒಟ್ಟಿಗೆ ಅಳೆಯುವಾಗ ಎದುರಾಗುವ ಮುಖ್ಯ ತೊಡಕು ಪ್ರಮಾಣದ್ದು. ಸಸ್ತನಿಯ ಒಂದು ಜೀವಕೋಶದಲ್ಲಿ ಸುಮಾರು 10ರಿಂದ 20 ಪಿಕೊಗ್ರಾಂ ಆರ್‌ಎನ್‌ಎ ಇದ್ದರೆ, ಒಂದು ಬ್ಯಾಕ್ಟೀರಿಯಾದಲ್ಲಿ ಇರುವುದು ಅದರ ಸುಮಾರು ನೂರರಲ್ಲಿ ಒಂದು ಪಾಲು. ಈ ಎರಡರಲ್ಲೂ ಬಹುಪಾಲು, ಪ್ರೋಟೀನು ತಯಾರಿಸುವ ರೈಬೊಸೋಮಿನ ಆರ್‌ಎನ್‌ಎ. ಮನುಷ್ಯರಲ್ಲಿ ಪ್ರೋಟೀನು ತಯಾರಿಯ ಸೂಚನೆ ಒಯ್ಯುವ ಸಂದೇಶವಾಹಕ ಆರ್‌ಎನ್‌ಎಗೆ ಉದ್ದನೆಯ ಅಡೆನಿನ್ ಬಾಲವಿದೆ, ಬ್ಯಾಕ್ಟೀರಿಯಾದ್ದಕ್ಕೆ ಅಂಥ ಬಾಲವಿಲ್ಲ. ಬಾಲ ಹಿಡಿದು ಆರಿಸಿದರೆ ಬ್ಯಾಕ್ಟೀರಿಯಾದ ಪಾಲು ಕೈತಪ್ಪುತ್ತದೆ. ಆದ್ದರಿಂದ ರೈಬೊಸೋಮಿನ ಆರ್‌ಎನ್‌ಎಯನ್ನು ತೆಗೆದು, ಉಳಿದದ್ದನ್ನು ಡಿಎನ್‌ಎ ಪ್ರತಿಗಳಾಗಿಸಿ ಅನುಕ್ರಮವನ್ನು ಓದುತ್ತಾರೆ. ಯಾವ ತುಣುಕು ಯಾರದು ಎಂಬುದನ್ನು ಎರಡೂ ಜೀನೋಮ್‌ಗಳೊಂದಿಗೆ ಹೋಲಿಸಿ ಕಂಪ್ಯೂಟರ್ ವಿಂಗಡಿಸುತ್ತದೆ. ಹೀಗಾಗಿ ಬ್ಯಾಕ್ಟೀರಿಯಾವನ್ನು ಜೀವಕೋಶದಿಂದ ಬೇರ್ಪಡಿಸುವ ಕೆಲಸ ತಪ್ಪುತ್ತದೆ. ಬ್ಯಾಕ್ಟೀರಿಯಾದ ಸಂದೇಶವಾಹಕ ಆರ್‌ಎನ್‌ಎ ಕೆಲವೇ ನಿಮಿಷಗಳಲ್ಲಿ ನಶಿಸುವುದರಿಂದ ಇದು ದೊಡ್ಡ ಅನುಕೂಲ.

ಪಿನ್‌ಟಿ ಶೋಧ: ವೆಸ್ಟರ್‌ಮನ್, ಗೋರ್ಸ್ಕಿ ಮತ್ತು ಫೋಗಲ್ 2012ರಲ್ಲಿ ಈ ವಿಧಾನದ ರೂಪುರೇಷೆಯನ್ನು ವಿವರಿಸಿದರು. ಜರ್ಮನಿಯ ವುರ್ಟ್ಸ್‌ಬರ್ಗ್‌ನ ಫೋಗಲ್ ತಂಡ 2016ರಲ್ಲಿ ಇದನ್ನು ಸಾಲ್ಮೊನೆಲ್ಲಾ ಸೋಂಕಿಗೆ ಅನ್ವಯಿಸಿ ‘ಪಿನ್‌ಟಿ’ ಎಂಬ ಕಿರು ಆರ್‌ಎನ್‌ಎಯ ಪಾತ್ರವನ್ನು ಬಯಲಿಗೆ ತಂದಿತು. ಪಿನ್‌ಟಿಯಿಂದ ಪ್ರೋಟೀನು ತಯಾರಾಗುವುದಿಲ್ಲ. ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ಸೇರಿದ ಮೇಲೆ ಫೋಪಿ ಎಂಬ ನಿಯಂತ್ರಕ ಪ್ರೋಟೀನು ಇದರ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಒಳನುಗ್ಗಲು ಬಳಸಿದ ಪ್ರೋಟೀನುಗಳ ತಯಾರಿಯನ್ನು ತಗ್ಗಿಸುವುದು, ಒಳಗೆ ಬದುಕಲು ಬೇಕಾದ ವಂಶವಾಹಿಗಳು ಯಾವಾಗ ಚುರುಕಾಗಬೇಕೆಂಬುದನ್ನು ಹತೋಟಿಯಲ್ಲಿಡುವುದು ಪಿನ್‌ಟಿಯ ಕೆಲಸ. ಪಿನ್‌ಟಿ ಇಲ್ಲದ ತಳಿಯಿಂದ ಸೋಂಕು ತಗುಲಿಸಿದಾಗ ಮಾನವ ಜೀವಕೋಶದ ಆರ್‌ಎನ್‌ಎ ಚಿತ್ರವೂ ಬದಲಾಯಿತು. ರಕ್ಷಣಾ ಪ್ರತಿಕ್ರಿಯೆಯಲ್ಲಿ ಪಾತ್ರವಿರುವ ಜಾಕ್-ಸ್ಟಾಟ್ ಸಂಕೇತಮಾರ್ಗದಲ್ಲೂ ವ್ಯತ್ಯಾಸ ಕಂಡುಬಂತು.

ಮಿತಿಗಳು: ಮಾದರಿಯಲ್ಲಿ ಸಾವಿರಾರು ಜೀವಕೋಶಗಳಿದ್ದರೆ ಸಿಗುವುದು ಅವುಗಳ ಸರಾಸರಿ. ಸೋಂಕು ತಗುಲದೆ ಉಳಿದವೂ ಅದರಲ್ಲಿ ಬೆರೆತಿರಬಹುದು. ಆರ್‌ಎನ್‌ಎ ಹೆಚ್ಚಿದ ಮಾತ್ರಕ್ಕೆ ಪ್ರೋಟೀನೂ ಅಷ್ಟೇ ಹೆಚ್ಚಿದೆ ಎನ್ನಲಾಗದು. ಎರಡು ವಂಶವಾಹಿಗಳು ಜೊತೆಯಾಗಿ ಏರಿಳಿದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಾಬೀತಾಗುವುದೂ ಇಲ್ಲ. ಅದನ್ನು ಖಚಿತಪಡಿಸಿಕೊಳ್ಳಲು ಕಾರಣವೆಂದು ಶಂಕಿಸಿದ ವಂಶವಾಹಿಯನ್ನು ತೆಗೆದುಹಾಕಿದ ತಳಿಯೊಂದಿಗೆ ಪ್ರಯೋಗವನ್ನು ಮತ್ತೆ ನಡೆಸಬೇಕಾಗುತ್ತದೆ.