ಬಿರುಬೇಸಿಗೆಗೆ ತಂಪಾದ ಮೊಸರು ಶಾವಿಗೆ

ಬಿಸಿಲಿನ ಝಳ ಏರಿದಂತೆ ಬಿಸಿ ಅನ್ನ, ಸಾರು ನಾಲಿಗೆಗೆ ಒಗ್ಗದಾಗುತ್ತವೆ. ಅಂಥ ದಿನಗಳಲ್ಲಿ ಹೊಟ್ಟೆಗೆ ಹಿತವೆನಿಸುವ ತಿನಿಸು ಮೊಸರು ಶಾವಿಗೆ. ಮಾಡುವ ವಿಧಾನ ಸರಳವಾದರೂ, ಅದು ಮುದ್ದೆಯಾಗದಂತೆ, ಹುಳಿಯೇರದಂತೆ, ಕೆಡದಂತೆ ನೋಡಿಕೊಳ್ಳುವುದರಲ್ಲಿ ಜಾಣ್ಮೆಯಿದೆ. ಬೆಂದ ಶಾವಿಗೆಯನ್ನು ಬೇಗ ಆರಿಸುವುದು, ಬೆರೆಸಿದ ಮೇಲೆ ತಂಪಾಗಿಯೇ ಇಡುವುದು ಇದರ ಮರ್ಮ.

ಶಾವಿಗೆ ಕನ್ನಡ ನಾಡಿಗೆ ಹೊಸತಲ್ಲ. ಉತ್ತರ ಕರ್ನಾಟಕದಲ್ಲಿ ಬೇಸಿಗೆ ಬಂತೆಂದರೆ ಗೋಧಿಯ ಶಾವಿಗೆ ಮಾಡಿ, ಕೋಲುಗಳ ಮೇಲೆ ಒಣಗಿಸಿ ಕೂಡಿಡುವ ವಾಡಿಕೆಯಿದೆ. ಕರಾವಳಿ, ಮಲೆನಾಡುಗಳಲ್ಲಿ ಬೇಯಿಸಿದ ಅಕ್ಕಿ ಹಿಟ್ಟನ್ನು ಒರಳಿನಲ್ಲಿ ಒತ್ತುತ್ತಾರೆ; ತುಳುನಾಡಿನಲ್ಲಿ ಅದು ಸೇಮೆದಡ್ಡೆ, ಕೊಡಗಿನಲ್ಲಿ ನೂಪುಟ್ಟು. ಇಲ್ಲಿ ಹೇಳಿರುವುದು ಅಂಗಡಿಗಳಲ್ಲಿ ದೊರೆಯುವ ಒಣ ಗೋಧಿ ಶಾವಿಗೆಯ ವಿಧಾನ.

ಬೇಕಾಗುವ ಸಾಮಗ್ರಿಗಳು (4 ಜನರಿಗೆ)

ಶಾವಿಗೆ 200 ಗ್ರಾಂ, ಹುಳಿಯಿಲ್ಲದ ಗಟ್ಟಿ ಮೊಸರು 400 ಮಿ.ಲೀ., ಕಾಯಿಸಿ ಆರಿಸಿದ ಹಾಲು 100 ಮಿ.ಲೀ., ಎಳೆ ಸೌತೆಕಾಯಿ 1, ತುರಿದ ಕ್ಯಾರೆಟ್ 1, ದಾಳಿಂಬೆ ಕಾಳು ಒಂದು ಹಿಡಿ, ಹಸಿಮೆಣಸಿನಕಾಯಿ 2, ಸಣ್ಣ ತುಂಡು ಶುಂಠಿ, ಕೊತ್ತಂಬರಿ ಸೊಪ್ಪು, ರುಚಿಗೆ ಉಪ್ಪು. ಒಗ್ಗರಣೆಗೆ ಎಣ್ಣೆ 3 ಚಮಚ, ಸಾಸಿವೆ, ಉದ್ದಿನಬೇಳೆ, ಇಂಗು, ಕರಿಬೇವು.

ಮಾಡುವ ವಿಧಾನ

1. ಮೊಸರು ಮತ್ತು ಹಾಲನ್ನು ಮೊದಲೇ ಫ್ರಿಜ್‌ನಲ್ಲಿಡಿ.

2. ಶಾವಿಗೆಯನ್ನು 1 ಚಮಚ ಎಣ್ಣೆಯಲ್ಲಿ ನಸುಗೆಂಪಾಗುವಂತೆ ಹುರಿಯಿರಿ. ಹುರಿದರೆ ಎಳೆಗಳು ಅಂಟಿಕೊಳ್ಳುವುದು ಕಡಿಮೆ.

3. ಸುಮಾರು 2 ಲೀಟರ್ ನೀರು ಕುದಿಸಿ, ಉಪ್ಪು ಹಾಕಿ ಶಾವಿಗೆಯನ್ನು ಬೇಯಿಸಿ. ಬೆರಳಲ್ಲಿ ಹಿಸುಕಿದರೆ ಮುರಿಯಬೇಕು, ಕರಗಬಾರದು.

4. ತೂತಿನ ಪಾತ್ರೆಗೆ ಬಸಿದು, ಕೂಡಲೇ ಕುಡಿಯಲು ಯೋಗ್ಯವಾದ ತಣ್ಣೀರು ಸುರಿದು ತೊಳೆಯಿರಿ. ಇದರಿಂದ ಬೇಯುವಿಕೆ ನಿಲ್ಲುತ್ತದೆ. ಮೇಲಿನ ಪಿಷ್ಟ ಹೋಗಿ ಎಳೆಗಳು ಬಿಡಿಬಿಡಿಯಾಗುತ್ತವೆ. ಜಪಾನಿನ ಸೋಮೆನ್, ತಣ್ಣಗಿನ ಸೋಯಾ ಹಾಲಿನಲ್ಲಿ ಉಣ್ಣುವ ಕೊರಿಯದ ಕೊಂಗ್‌ಗುಕ್ಸು ಮೊದಲಾದ ಬೇಸಿಗೆಯ ನೂಡಲ್ಸ್‌ಗಳಿಗೂ ಇದೇ ಕ್ರಮ.

5. ನೀರು ಪೂರ್ತಿ ಇಳಿದ ಮೇಲೆ ಅಗಲ ತಟ್ಟೆಯಲ್ಲಿ ಹರಡಿ ಆರಿಸಿ.

6. ಉಳಿದ ಎಣ್ಣೆಯಲ್ಲಿ ಒಗ್ಗರಣೆ ಮಾಡಿ, ಹೆಚ್ಚಿದ ಶುಂಠಿ, ಮೆಣಸಿನಕಾಯಿ ಬಾಡಿಸಿ ತಣಿಯಲು ಬಿಡಿ. ಬಿಸಿ ಒಗ್ಗರಣೆ ಬಿದ್ದರೆ ಮೊಸರು ಒಡೆಯುತ್ತದೆ.

7. ಮೊಸರು, ಹಾಲು, ಶಾವಿಗೆ, ಒಗ್ಗರಣೆಗಳನ್ನು ಬೆರೆಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಉಪ್ಪು ತಗುಲಿದರೆ ಸೌತೆಕಾಯಿ ನೀರು ಬಿಡುವುದರಿಂದ ಅದನ್ನೂ ಕ್ಯಾರೆಟ್, ದಾಳಿಂಬೆ, ಕೊತ್ತಂಬರಿಗಳನ್ನೂ ಬಡಿಸುವಾಗ ಸೇರಿಸಿ. ಗಟ್ಟಿಯಾಗಿದ್ದರೆ ತಣ್ಣನೆಯ ಹಾಲು ಹಾಕಿ ಸಡಿಲಿಸಿ.

ಅಕ್ಕಿ ಶಾವಿಗೆ ಬಳಸುವುದಾದರೆ ಹೆಚ್ಚು ಹೊತ್ತು ಫ್ರಿಜ್‌ನಲ್ಲಿಡದಿರುವುದು ಲೇಸು. ಅಕ್ಕಿಯ ಪಿಷ್ಟ ಶೀತದಲ್ಲಿ ಬಿರುಸಾಗುತ್ತದೆ. ತಣ್ಣನೆಯ ಮೊಸರನ್ನು ಬೆರೆಸಿ ಆಗಲೇ ಬಡಿಸಬೇಕು.

ಕೆಡದಂತೆ ಎಚ್ಚರಿಕೆ

ಬೇಯಿಸಿದ ಅಕ್ಕಿ, ಗೋಧಿ ಪದಾರ್ಥಗಳು ಬೇಸಿಗೆಯಲ್ಲಿ ಬೇಗ ಹಳಸುತ್ತವೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಉಳಿಯಬಲ್ಲವು. ಆಹಾರ ಬೆಚ್ಚಗೆ ಉಳಿದರೆ ಅವು ಮೊಳೆತು ವಾಂತಿ ತರಿಸುವ ವಿಷವನ್ನು ಉಂಟುಮಾಡುತ್ತವೆ. ಒಮ್ಮೆ ಉಂಟಾದ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದು. ಮೊಸರಿನ ಹುಳಿ ಈ ಬ್ಯಾಕ್ಟೀರಿಯಾವನ್ನು ತುಸು ತಡೆಯಬಹುದಾದರೂ ಅದನ್ನೇ ನೆಚ್ಚುವಂತಿಲ್ಲ.

ಆದ್ದರಿಂದ ಬೇಯಿಸಿದ ಶಾವಿಗೆಯನ್ನಾಗಲಿ, ಮೊಸರು ಬೆರೆಸಿದ್ದನ್ನಾಗಲಿ 2 ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಸುತ್ತಲಿನ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ಮೀರಿದ್ದರೆ 1 ಗಂಟೆಯೇ ಮಿತಿ. ಮಕ್ಕಳ ಬುತ್ತಿಗೆ ಕಟ್ಟಿಕೊಡುವವರು, ಮಧ್ಯಾಹ್ನದವರೆಗೂ ತಂಪು ಕಾಯುವ ಡಬ್ಬಿ ಇಲ್ಲದಿದ್ದಲ್ಲಿ, ಬೇರೆ ತಿಂಡಿ ಕಳುಹಿಸಿ ಮೊಸರು ಶಾವಿಗೆಯನ್ನು ಸಂಜೆಗೆ ಮನೆಯಲ್ಲೇ ಬಡಿಸುವುದು ಕ್ಷೇಮ.