ಪೊಲೀಸರು ಯಾರನ್ನು ಕೇಳಬೇಕಿತ್ತು? ಆಕ್ಟನ್ ಈಜುಕೊಳ ಪ್ರಕರಣದ ಮೇಲೊಂದು ಟಿಪ್ಪಣಿ

2008ರ ಸೆಪ್ಟೆಂಬರ್ 23ರಂದು ಪಶ್ಚಿಮ ಲಂಡನ್ನಿನ ಆಕ್ಟನ್ ಈಜುಕೊಳಕ್ಕೆ ವಿಶೇಷ ಶಾಲೆಯೊಂದರ ಮಕ್ಕಳು ಸಹಾಯಕರ ಜೊತೆ ಬಂದಿದ್ದರು. ಅವರಲ್ಲಿ 16 ವರ್ಷದ ಒಬ್ಬ ಹುಡುಗನಿಗೆ ತೀವ್ರ ಆಟಿಸಂ ಇತ್ತು, ಜೊತೆಗೆ ಮೂರ್ಛೆರೋಗವೂ ಇತ್ತು, ಮಾತು ಇರಲಿಲ್ಲ. ನ್ಯಾಯಾಲಯದ ದಾಖಲೆಗಳಲ್ಲಿ ಅವನು ‘ಝಡ್‌ಎಚ್’ ಮಾತ್ರ. ನೀರು ಕಂಡ ಹುಡುಗ ಬಟ್ಟೆಯಲ್ಲೇ ಕೊಳದ ದಂಡೆಗೆ ಹೋಗಿ ನಿಂತ; ಕರೆದರೆ ಬರಲಿಲ್ಲ. ಅವನನ್ನು ಮುಟ್ಟಿದರೆ ನೀರಿಗೆ ಹಾರುತ್ತಾನೆ ಎಂಬುದು ಸಹಾಯಕರಿಗೆ ಗೊತ್ತಿದ್ದದ್ದರಿಂದ ಅವರು ಮುಟ್ಟದೆ ಕಾದರು. ಅರ್ಧ ಗಂಟೆ ದಾಟಿದರೂ ಅವನು ಕದಲದಿದ್ದಾಗ ಕೊಳದ ವ್ಯವಸ್ಥಾಪಕರು ಪೊಲೀಸರಿಗೆ ಫೋನ್ ಮಾಡಿದರು.

ಬಂದ ಪೊಲೀಸರಲ್ಲಿ ಒಬ್ಬರು ನೇರವಾಗಿ ಹುಡುಗನ ಬಳಿ ಹೋಗಿ ಬೆನ್ನು ಮುಟ್ಟಿದರು. ಅವನು ಹಾರಿಬಿಟ್ಟ. ನೀರಿನಿಂದ ಮೇಲಕ್ಕೆಳೆದು, ನೆಲಕ್ಕೆ ಅದುಮಿ ಹಿಡಿದು, ಕೈಗೆ ಕೋಳ ತೊಡಿಸಿ, ಕಾಲಿಗೆ ಪಟ್ಟಿ ಬಿಗಿದರು. ತೊಯ್ದ ಬಟ್ಟೆಯಲ್ಲೇ ಅವನನ್ನು ಪೊಲೀಸ್ ವ್ಯಾನಿನ ಪಂಜರದೊಳಗೆ ಒಂಟಿಯಾಗಿ ಕೂರಿಸಿದರು. ಅಲ್ಲಿ ಅವನು ಸುಮಾರು 25 ನಿಮಿಷ ಇದ್ದ. ಯಾವ ಅಪರಾಧದ ಆರೋಪವೂ ಅವನ ಮೇಲಿರಲಿಲ್ಲ.

ಕುಟುಂಬ ಅವನ ಪರವಾಗಿ ಮೊಕದ್ದಮೆ ಹೂಡಿತು. 2012ರಲ್ಲಿ ಹೈಕೋರ್ಟ್ ತೀರ್ಪು ಹುಡುಗನ ಪರವಾಗಿ ಬಂತು. 28,250 ಪೌಂಡ್ ಪರಿಹಾರ ಸಿಕ್ಕಿತು. ಮೆಟ್ರೋಪಾಲಿಟನ್ ಪೊಲೀಸರ ಮೇಲ್ಮನವಿಯನ್ನು 2013ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ತಳ್ಳಿಹಾಕಿತು. ಪೀಠದ ಮುಖ್ಯ ತೀರ್ಪು ಲಾರ್ಡ್ ಡೈಸನ್ ಅವರದು. ಹಲ್ಲೆ, ಅಕ್ರಮ ಬಂಧನ, ಅಂಗವೈಕಲ್ಯ ತಾರತಮ್ಯ ಕಾಯ್ದೆಯ ಉಲ್ಲಂಘನೆ, ಅಮಾನವೀಯ ನಡವಳಿಕೆ ಎಲ್ಲವೂ ಸಾಬೀತಾದವು. ಪೊಲೀಸರ ಉದ್ದೇಶ ಕೆಟ್ಟದ್ದು ಎಂದು ಯಾರೂ ಹೇಳಲಿಲ್ಲ ಎನ್ನುವುದನ್ನು ಇಲ್ಲಿ ಒತ್ತಿ ಹೇಳಬೇಕು. ಹುಡುಗನಿಗೆ ಅಪಾಯವಾಗದಿರಲಿ ಎಂದೇ ಅವರು ಬಂದದ್ದು. ತಪ್ಪು ಬೇರೆ ಕಡೆ ಇತ್ತು: ಅವನನ್ನು ಬಲ್ಲವರು ಕೈಗೆಟಕುವ ದೂರದಲ್ಲಿ ನಿಂತಿದ್ದರು, ಪೊಲೀಸರು ಅವರನ್ನು ಸರಿಯಾಗಿ ಕೇಳಲಿಲ್ಲ. ಸ್ವಂತ ನಿರ್ಧಾರ ತೆಗೆದುಕೊಳ್ಳಲಾಗದವರ ಹಿತಕ್ಕೆಂದು ನಡೆದುಕೊಂಡವರಿಗೆ ಮಾನಸಿಕ ಸಾಮರ್ಥ್ಯ ಕಾಯ್ದೆ ಕೊಡುವ ರಕ್ಷಣೆ ಪೊಲೀಸರಿಗೆ ಸಿಗದೆ ಹೋದದ್ದೂ ಈ ಕಾರಣಕ್ಕೇ.

ಇಂಥ ಘಟನೆ ನಡೆದಾಗಲೆಲ್ಲ ತರಬೇತಿಯ ಮಾತು ಏಳುತ್ತದೆ. ತರಬೇತಿ ಬೇಕು, ನಿಜ. ಆದರೆ ಅದೊಂದೇ ಸಾಲದು ಎನ್ನಲು ಅಮೆರಿಕದ ಎರಡು ಪ್ರಕರಣಗಳು ಸಾಕು. 2017ರಲ್ಲಿ ಅರಿಜೋನಾದ ಬಕ್‌ಐ ಪಟ್ಟಣದ ಪಾರ್ಕಿನಲ್ಲಿ ಆಟಿಸಂ ಇದ್ದ 14 ವರ್ಷದ ಹುಡುಗನೊಬ್ಬ ದಾರದ ತುಂಡನ್ನು ಬೆರಳಲ್ಲಿ ಆಡಿಸುತ್ತಿದ್ದ. ಮನಸ್ಸನ್ನು ತಹಬಂದಿಗೆ ತಂದುಕೊಳ್ಳುವ ರೂಢಿ ಅದು. ಮಾದಕ ವಸ್ತು ಸೇವಿಸಿದವರನ್ನು ಗುರುತಿಸುವ ವಿಶೇಷ ತರಬೇತಿ ಪಡೆದಿದ್ದ ಅಧಿಕಾರಿಗೆ ಅದರಲ್ಲಿ ನಶೆಯೇ ಕಂಡಿತು. ತಾನು ಏನು ಮಾಡುತ್ತಿದ್ದೇನೆಂದು ಹುಡುಗ ತಾನೇ ಹೇಳಿ, ದಾರವನ್ನೂ ತೋರಿಸಿದ. ಆದರೂ ಅವನನ್ನು ಮರಕ್ಕೂ ನೆಲಕ್ಕೂ ಒತ್ತಿ ಹಿಡಿಯಲಾಯಿತು. ಇಲ್ಲಿ ದಾರಿ ತಪ್ಪಿಸಿದ್ದೇ ತರಬೇತಿ. ಇನ್ನೊಂದು, 2020ರ ಸೆಪ್ಟೆಂಬರ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯದು. ಇಂಥ ಬಿಕ್ಕಟ್ಟು ನಿಭಾಯಿಸಬಲ್ಲವರನ್ನು ಕಳಿಸಿ ಎಂದು ತಾಯಿಯೇ 911ಕ್ಕೆ ಕರೆ ಮಾಡಿ, ಆಟಿಸಂ ಇದ್ದ ಮಗನ ಸ್ಥಿತಿ ವಿವರಿಸಿದ್ದಳು. ಓಡಿಹೋಗುತ್ತಿದ್ದ 13 ವರ್ಷದ ಮಗನಿಗೆ ಪೊಲೀಸರ ಹಲವು ಗುಂಡುಗಳು ತಗುಲಿದವು. ಬದುಕಿಕೊಂಡ. ಬಳಿಕ ನಗರಾಡಳಿತ 30 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು.

ಆಕ್ಟನ್‌ನಲ್ಲಿ ಸಹಾಯಕರು, ಬಕ್‌ಐಯಲ್ಲಿ ಹುಡುಗ, ಸಾಲ್ಟ್ ಲೇಕ್‌ನಲ್ಲಿ ತಾಯಿ: ಬೇಕಾದ ತಿಳಿವಳಿಕೆ ಮೂರು ಕಡೆಯೂ ಸ್ಥಳದಲ್ಲೇ ಇತ್ತು. ಅದಕ್ಕೆ ಕಿವಿಗೊಡಲೇಬೇಕೆಂಬ ಕಟ್ಟುಪಾಡು ಇರಲಿಲ್ಲ, ಇದ್ದ ಕಡೆಯೂ ಪಾಲನೆಯಾಗಲಿಲ್ಲ. ಇವು ಎಲ್ಲೋ ಒಮ್ಮೆ ನಡೆಯುವ ಅಪವಾದಗಳೂ ಅಲ್ಲ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ ಅಂಕಿಗಳನ್ನು ಆಧರಿಸಿ ಜೂಲಿಯಾನಾ ರಾವಾ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆಟಿಸಂ ಇರುವ ಐವರಲ್ಲಿ ಸುಮಾರು ಒಬ್ಬರನ್ನು 21 ವರ್ಷ ತುಂಬುವಷ್ಟರಲ್ಲಿ ಪೊಲೀಸರು ತಡೆದು ಪ್ರಶ್ನಿಸಿರುತ್ತಾರೆ, ಬಂಧನವಾದವರು ಶೇ. 5ರ ಆಸುಪಾಸು.

ನಮ್ಮಲ್ಲಿ ಬಂದೂಕಿನ ಭಯ ಕಡಿಮೆ, ಲಾಠಿಯದೂ ಏರುದನಿಯದೂ ಹೆಚ್ಚು. ಆಟಿಸಂ ಇರುವ ಎಷ್ಟೋ ಮಕ್ಕಳು ಕೇಳಿದ ಪ್ರಶ್ನೆಯನ್ನೇ ಮರಳಿ ಉಚ್ಚರಿಸುತ್ತಾರೆ. ಕಾನ್‌ಸ್ಟೆಬಲ್ ‘ಹೆಸರೇನೋ ನಿಂದು?’ ಎಂದು ಗದರಿದರೆ, ಮೀಸೆ ಮೂಡಿದ ಹುಡುಗ ಅದೇ ಧಾಟಿಯಲ್ಲಿ ‘ಹೆಸರೇನೋ ನಿಂದು’ ಎನ್ನುತ್ತಾನೆ. ಏಕವಚನದ ಆ ಮಾರ್ದನಿಯನ್ನು ಠಾಣೆಯಲ್ಲಿ ಉದ್ಧಟತನವೆಂದಲ್ಲದೆ ಬೇರೆ ರೀತಿ ತಿಳಿಯುವವರು ವಿರಳ.

ಕಾನೂನು ಏನೆನ್ನುತ್ತದೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಪೊಲೀಸರಿಗೆ ಕೆಲವು ಹೊಣೆಗಳನ್ನು ವಹಿಸಿದೆಯಾದರೂ ಅವು ಮಾನಸಿಕ ಕಾಯಿಲೆಗೆ ಸಂಬಂಧಿಸಿದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿ ಆಟಿಸಂ ಅನ್ನು ಮಾನಸಿಕ ಕಾಯಿಲೆಯಿಂದ ಬೇರೆಯಾಗಿ, ಬೌದ್ಧಿಕ ಅಂಗವೈಕಲ್ಯದ ಅಡಿ ಸೇರಿಸಿದೆ. ಬಾಲನ್ಯಾಯ ಕಾಯ್ದೆ 18ರೊಳಗಿನವರನ್ನು ಲಾಕಪ್‌ಗೆ ಹಾಕುವಂತಿಲ್ಲ ಎನ್ನುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ, ಅಂಗವಿಕಲ ವ್ಯಕ್ತಿಯನ್ನು ಸಾಕ್ಷಿಯಾಗಿ ಪ್ರಶ್ನಿಸಬೇಕಾದರೆ ಪೊಲೀಸರೇ ಅವರ ಮನೆಗೆ ಹೋಗಬೇಕು. ಇವೆಲ್ಲ ಪ್ರಕರಣ ಠಾಣೆಯ ಕಡತಕ್ಕೆ ಬಂದ ಮೇಲಿನ ರಕ್ಷಣೆಗಳು. ಪಾರ್ಕು, ಬಸ್‌ ನಿಲ್ದಾಣ, ಮಾಲ್‌ಗಳಲ್ಲಿ ಮೊದಲ ಎರಡು ನಿಮಿಷ ಏನಾಗಬೇಕು ಎಂಬುದಕ್ಕೆ ಆಧಾರವಾಗಬಲ್ಲದ್ದು 2016ರ ಕಾಯ್ದೆಯ ‘ಸಮಂಜಸ ಹೊಂದಾಣಿಕೆ’ಯ ಕರ್ತವ್ಯ. ಆಕ್ಟನ್ ತೀರ್ಪಿನಲ್ಲೂ ಇಂಥದೇ ಕರ್ತವ್ಯ ನಿರ್ಣಾಯಕವಾಯಿತು. ಈ ಹೊಂದಾಣಿಕೆ ಆಯಾ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತಿರಬೇಕೆಂದು 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಪರೀಕ್ಷೆ ಬರೆಯುವವನಿಗೆ ಲಿಪಿಕಾರನನ್ನು ಕೊಡುವ ಪ್ರಶ್ನೆಯಾಗಿತ್ತು. ಪೊಲೀಸ್ ನಡೆಗೂ ಅದನ್ನು ಅನ್ವಯಿಸಬೇಕೆಂಬುದು ನನ್ನ ವಾದ.

ಕುಟುಂಬಗಳಿಗೆ ಸಿಗುವ ಸಲಹೆಗಳು ಸಾಮಾನ್ಯವಾಗಿ ಮಗುವಿನ ಕೊರಳಿಗೆ ಗುರುತಿನ ಚೀಟಿ ಹಾಕಿ, ಅಂಗವಿಕಲರ ಯುಡಿಐಡಿ ಕಾರ್ಡ್ ಜೇಬಿನಲ್ಲಿರಲಿ, ಠಾಣೆಯವರಿಗೆ ಮೊದಲೇ ಪರಿಚಯಿಸಿ ಎಂಬಷ್ಟಕ್ಕೆ ನಿಲ್ಲುತ್ತವೆ. ಪ್ರಯೋಜನ ಇಲ್ಲದಿಲ್ಲ, ಆದರೆ ಪೊಲೀಸರ ಹೊಣೆಯೆಲ್ಲ ತಾಯಿಯ ತಲೆಗೇ ಬಂತು. ಸಂಕಟದ ಹೊತ್ತಿನಲ್ಲಿ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಉತ್ತರಿಸುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಕ್ಕಳಿಗೂ ಅಂಗವಿಕಲರಿಗೂ ವಕೀಲರ ನೆರವು ಉಚಿತ; ಸಹಾಯವಾಣಿ 15100. ಹಕ್ಕು ಮೊಟಕಾದರೆ ವಿಚಾರಣೆ ನಡೆಸುವ ಅಧಿಕಾರ ರಾಜ್ಯದ ಅಂಗವಿಕಲರ ಆಯುಕ್ತರಿಗಿದೆ.

ಆಕ್ಟನ್ ಪ್ರಕರಣ ಕಾನೂನಾಗಿ ಉಳಿದದ್ದು ಆ ಕುಟುಂಬ ಸುಮಾರು ನಾಲ್ಕೂವರೆ ವರ್ಷ ಹಿಂಜರಿಯದೆ ನಿಂತದ್ದರಿಂದ. ಇಲ್ಲಿಯೂ ಇನ್‌ಸ್ಪೆಕ್ಟರ್ ‘ಆಯ್ತು ಬಿಡಿ, ಕರ್ಕೊಂಡು ಹೋಗಿ’ ಎಂದಾಗ ಮಗು ಸಿಕ್ಕಿತಲ್ಲ ಎಂದು ಸುಮ್ಮನಾಗದೆ, ಯಾರಿದ್ದರು, ಯಾರು ಏನು ಹೇಳಿದರು, ಪೊಲೀಸರು ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ ಎಂಬುದನ್ನು ಅದೇ ದಿನ ಬರೆದಿಟ್ಟು, ಆಯುಕ್ತರಿಗೆ ಲಿಖಿತ ದೂರು ಕೊಡಿ.